ಕುವೈತಿಗೆ ಕೇಳದ ದನಿ

ನನ್ನ ಇಂಟರ್ನೆಟ್ ಅಂಗಡಿಯಲ್ಲಿ ತಲೆ ತಗ್ಗಿಸುವಂಥ ಪ್ರಸಂಗ ವಾರಕ್ಕೊಂದಾದರೂ ನಡೆಯದೆ ಇರುತ್ತಿರಲಿಲ್ಲ. ಬೇರೆಯವರ ಅಂಗಡಿಗಳಲ್ಲಿ ಅಂಥವು ಗಿರಾಕಿಗಳಿಂದ ಆಗುತ್ತವೆ. ನನ್ನಲ್ಲಿ ನನ್ನಿಂದಲೇ ಆಗುತ್ತಿದ್ದವು.

ಗಜೇಂದ್ರಗಡದಲ್ಲಿ ನಾನು ಅಂಗಡಿ ತೆಗೆದದ್ದು ಎರಡು ಸಾವಿರದ ಐದರ ಸುಮಾರಿಗೆ. ನಾನು ಸಾಲಿ ಕಲಿತದ್ದು ನಾಲ್ಕನೆಯ ಇಯತ್ತೆಯವರೆಗೆ. ಮುಂದಿನದನ್ನೆಲ್ಲ ಖಡಕ್ ರೊಟ್ಟಿ ಮಾಡಿ ಮಾರುತ್ತಿದ್ದಾಗ, ರೊಟ್ಟಿ ಕಟ್ಟಿಕೊಡುವ ಹಳೆಯ ಪೇಪರು ಓದಿ ಓದಿ ಕಲಿತೆ. ರೊಟ್ಟಿಯಿಂದ ಟೆಲಿಫೋನ್ ಬೂತ್, ಬೂತಿನಿಂದ ಮೂರು ಕಂಪ್ಯೂಟರ್. ಯಾರ ಮುಂದೆಯೂ ಕೈಕಟ್ಟಿ ನಿಂತು ಕಲಿತವಳಲ್ಲ ಎಂಬುದು ನನ್ನ ದೊಡ್ಡ ಹೆಮ್ಮೆ. ಇಲ್ಲಿ ಬರೆಯುತ್ತಿರುವ ಅವಮಾನಗಳೆಲ್ಲ ಆ ಹೆಮ್ಮೆಯ ಮಕ್ಕಳು.

ಆಗ ನಮ್ಮ ಕಡೆಯ ಎಷ್ಟೋ ಮನೆಗಳ ಗಂಡಸರು ಕುವೈತ್, ಸೌದಿ ಅಂತ ದುಡಿಯಲು ಹೋಗಿದ್ದರು. ಫೋನು ದುಬಾರಿ. ಕಂಪ್ಯೂಟರಿನಲ್ಲಿ ದನಿ ಮಾತು ಅಗ್ಗ. ಅವರಿಗೆ ಶುಕ್ರವಾರ ರಜೆ, ಹಾಗಾಗಿ ಶುಕ್ರವಾರ ಮಧ್ಯಾಹ್ನದ ಮೇಲೆ ನನ್ನ ಅಂಗಡಿ ತುಂಬಿರುತ್ತಿತ್ತು.

ಒಂದು ತಿಂಗಳ ಪರೀಕ್ಷೆ

ಕಂಪ್ಯೂಟರಿನ ಬೆನ್ನಿಗೆ ಮೂರು ತೂತುಗಳಿರುತ್ತವೆ. ಗುಲಾಬಿ, ಹಸಿರು, ನೀಲಿ. ಮೈಕಿನ ವೈರನ್ನು ಗುಲಾಬಿ ತೂತಿಗೆ ಹಾಕಬೇಕು. ನಾನು ನೀಲಿಗೆ ಹಾಕಿದ್ದೆ. ನೀಲಿ ಬಣ್ಣ ಸ್ವಲ್ಪ ಗಂಭೀರವಾಗಿ ಕಂಡಿತ್ತು ಎಂಬುದನ್ನು ಬಿಟ್ಟರೆ ಬೇರೆ ಕಾರಣವಿರಲಿಲ್ಲ.

ಅಲ್ಲಿಗೆ ಹಾಕಿದರೆ ದನಿ ಹೋಗುತ್ತದೆ, ಆದರೆ ಬಾವಿಯೊಳಗೆ ಬಿದ್ದವರ ದನಿಯಂತೆ ಹೋಗುತ್ತದೆ. ಗಿರಾಕಿಗಳು ಕೂಗತೊಡಗಿದರು. ಕುವೈತ್ ದೂರ, ಕೂಗಲೇಬೇಕು ಎಂದು ಅವರೂ ನಂಬಿದ್ದರು, ನಾನೂ ನಂಬಿದ್ದೆ. ಒಬ್ಬಾಕೆ ಗಂಡನಿಗೆ ಮನೆಯ ಜಗಳ ಹೇಳಿದ್ದನ್ನು ಬಸ್‌ಸ್ಟ್ಯಾಂಡಿನಲ್ಲಿ ಕೂತವರು ಕೇಳಿ, ಹೊರಗೆ ಬಂದಾಗ ಆಕೆಗೆ ಸಮಾಧಾನ ಹೇಳಿ ಕಳಿಸಿದರು.

ರೋಣದಲ್ಲಿ ಇಂಥದೇ ಅಂಗಡಿ ಇಟ್ಟಿದ್ದ ಕಂಪ್ಯೂಟರ್ ಮಾಸ್ತರರೊಬ್ಬರು ಒಂದು ದಿನ ಮದುವೆಗೆಂದು ಊರಿಗೆ ಬಂದವರು ಒಳಗೆ ಇಣುಕಿದರು. ಡಿಗ್ರಿ ಆದವರು. ಬಗ್ಗಿ ನೋಡಿ, ವೈರು ಕಿತ್ತು ಗುಲಾಬಿ ತೂತಿಗೆ ಹಾಕಿದರು. ಅಷ್ಟೇ. ಆಗ ಲೈನಿನಲ್ಲಿದ್ದ ಕುವೈತಿನ ಮನುಷ್ಯ ಹೆಂಡತಿಗೆ, "ಯಾಕ ಹಂಗ ಒದರಾಕತ್ತೀಯವಾ, ಕಿವಿ ಒಡದಾವು" ಅಂದ.

"ನನಗ ಗೊತ್ತಿತ್ರಿ ಅದು," ಅಂದೆ. "ನೀಲಿಗೆ ಹಾಕಿದ್ರ ಹ್ಯಾಂಗ ಬರತೈತಿ ಅಂತ ಪರೀಕ್ಷಾ ಮಾಡಾಕತ್ತಿದ್ದೆ."

"ಎಷ್ಟ ದಿನ ಆತ್ರಿ?"

"ಒಂದ ತಿಂಗಳು."

ಮಾಸ್ತರರು ನಾನು ಕೊಟ್ಟ ಚಹಾದ ಕಪ್ಪು ಕೆಳಗಿಟ್ಟು, "ಎಸ್ಸೆಸ್ಸೆಲ್ಸಿ ಪರೀಕ್ಷಾನೂ ಎಂಟ್ಹತ್ತ ದಿನದಾಗ ಮುಗಸ್ತಾರಲ್ರಿ ಅಕ್ಕಾರ," ಅಂದರು.

ಗುಡ್ಡದ ಗಾಳಿ

ಆ ಮಾತು ನನ್ನನ್ನು ಚುಚ್ಚಿತು. ಗದಗಿನಿಂದ ಕಂಪ್ಯೂಟರ್ ದನಿಯ ಬಗ್ಗೆ ಒಂದು ಪುಸ್ತಕ ತರಿಸಿದೆ. ಅರ್ಧ ಕನ್ನಡ, ಅರ್ಧ ಚಿತ್ರ. ರಾತ್ರಿ ಹಗಲೆನ್ನದೆ ಓದಿದೆ. ಇನ್ನು ಮುಂದೆ ದನಿಯ ವಿಷಯದಲ್ಲಿ ರೋಣದವರು ನನ್ನಲ್ಲಿಗೆ ಬಂದು ಕಲಿಯಬೇಕು ಎಂದು ಹಟ ತೊಟ್ಟೆ.

ಹಟಕ್ಕೆ ತಕ್ಕ ಗಿರಾಕಿ ಸಿಕ್ಕಳು. ರಾಜೂರಿನಿಂದ ಟೆಂಪೋ ಹತ್ತಿ ಪ್ರತಿ ಶುಕ್ರವಾರ ಅತ್ತೆ ಸೊಸೆ ಬರತೊಡಗಿದರು. ಅತ್ತೆಯನ್ನು ಎಲ್ಲರೂ ಚಾಚಿ ಅನ್ನುತ್ತಿದ್ದರು, ನಾನೂ ಅಂದೆ. ಸೊಸೆ ನರಗುಂದದ ಹುಡುಗಿ, ಹತ್ತೊಂಬತ್ತೋ ಇಪ್ಪತ್ತೋ. ಮದುವೆಯಾಗಿ ಹದಿನೈದು ದಿನಕ್ಕೆ ಗಂಡ ಕುವೈತಿಗೆ ಹೋಗಿದ್ದ. ಆ ಹದಿನೈದು ದಿನ ಮನೆ ತುಂಬ ನೆಂಟರು. ಅವರಿಬ್ಬರು ನೆಟ್ಟಗೆ ಹತ್ತು ಮಾತು ಆಡಿರಲಿಕ್ಕಿಲ್ಲ. ಇನ್ನು ಎರಡು ವರ್ಷ ಅವನು ಬರುವಂತಿರಲಿಲ್ಲ. ಅವರ ಸಂಸಾರ ನಡೆಯುವುದಿದ್ದರೆ ನನ್ನ ಅಂಗಡಿಯ ಮೈಕಿನಲ್ಲಿಯೇ ನಡೆಯಬೇಕಿತ್ತು.

ಚಾಚಿ ಮೊದಲು ಎರಡು ನಿಮಿಷ ಮಗನ ಜೊತೆ ಮಾತಾಡಿ ಸೊಸೆಯನ್ನು ಕುರ್ಚಿಗೆ ಕೂರಿಸಿದರು, ತಾವು ಪಕ್ಕದ ಸ್ಟೂಲಿನಲ್ಲಿ ಕೂತರು. ದನಿ ಹೇಗೆ ಹೋಗುತ್ತದೆ, ಹೇಗೆ ಬರುತ್ತದೆ ನೋಡಬೇಕಲ್ಲ, ನಾನು ಹುಡುಗಿಯ ಭುಜದ ಹಿಂದೆ ನಿಂತೆ. ನನಗೂ ಕೇಳಲಿ ಎಂದು ಹೆಡ್‌ಫೋನ್ ತೆಗೆಸಿ ಸ್ಪೀಕರ್ ಹಚ್ಚಿದೆ.

ಹುಡುಗಿಯ ತುಟಿ ಅಲುಗಿದವು.

"ಏನೂ ಕೇಳಸವಲ್ದು," ಅಂದ ಗಂಡ.

ಪುಸ್ತಕದಲ್ಲಿ ಮೈಕನ್ನು ಬಾಯಿಗೆ ಹತ್ತಿರ ಹಿಡಿಯಬೇಕು ಎಂದಿತ್ತು. ಹುಡುಗಿ ತಲೆಗೆ ಹೊದ್ದ ಓಡನಿಯ ತುದಿಯನ್ನು ಬಾಯಿಗೆ ಹಿಡಿದಿದ್ದಳು. ನಾನು ಓಡನಿಯೊಳಗೇ ಮೈಕು ತೂರಿಸಿದೆ. ಮೈಕಿನ ಜೋರು ಹೆಚ್ಚಿಸುವ ಗುಂಡಿಯೊಂದು ಪುಟ ಇಪ್ಪತ್ತರಲ್ಲಿತ್ತು, ಅದನ್ನೂ ಒತ್ತಿದೆ. "ಮಾತಾಡವಾ, ಈಗ ಬಾಜೂಕ ಕುಂತಂಗ ಕೇಳಸತೈತಿ," ಅಂದೆ.

ಹುಡುಗಿ ಗಾಬರಿಯಾಗಿ ಜೋರಾಗಿ ಉಸಿರಾಡತೊಡಗಿದಳು.

ಸ್ವಲ್ಪ ಹೊತ್ತು ಕೇಳಿ ಗಂಡ ಅಂದ, "ಅಕ್ಕಾರ, ಭಾರಿ ಗಾಳಿ ಬೀಸಾಕತ್ತೈತ್ರಿ. ಆಕಿನ್ನ ಗುಡ್ಡದ ಮ್ಯಾಲ ಕರಕೊಂಡ ಹೋಗೀರೇನು?"

ಕೌದಿ ಮನೆ

ಮುಂದಿನ ಅಧ್ಯಾಯ ಮಾರ್ದನಿ. ಬರಿಗೋಡೆಯಿದ್ದರೆ ದನಿ ಬಡಿದು ಬಡಿದು ಕೆಡುತ್ತದೆ, ಗೋಡೆಗೆ ದಪ್ಪ ಬಟ್ಟೆ ಹಾಕಬೇಕು ಎಂದು ಓದಿದೆ. ಸ್ಪೀಕರ್ ತೆಗೆದು ಹೆಡ್‌ಫೋನ್ ಹಾಕಿದರೂ ಸಾಕು ಎಂದು ಅದೇ ಪುಟದ ಕೆಳಗಿತ್ತು. ಅದನ್ನು ಓದಿಯೂ ಬಿಟ್ಟೆ. ಹೆಡ್‌ಫೋನ್ ಹಾಕಿದರೆ ನನಗೆ ಕೇಳುತ್ತಿರಲಿಲ್ಲ.

ಮನೆಯಲ್ಲಿದ್ದ ಕೌದಿಗಳನ್ನೆಲ್ಲ ತಂದೆ. ಅವ್ವ ಹಳೆಯ ಸೀರೆಗಳನ್ನು ಪದರು ಪದರಾಗಿ ಹೊಲಿದ ಕೌದಿಗಳು, ಒಂದೊಂದೂ ಒಂದು ಕರುವಿನಷ್ಟು ಭಾರ. ನಾಲ್ಕು ಗೋಡೆಗೂ ಮೊಳೆ ಹೊಡೆದು ತೂಗುಹಾಕಿದೆ. ಬಾಗಿಲಿಗೊಂದು, ಕಿಟಕಿಗೊಂದು. ಫ್ಯಾನಿನ ಸಪ್ಪಳ ಮೈಕಿಗೆ ಹೋಗುತ್ತದೆಂದು ಫ್ಯಾನನ್ನೂ ಆರಿಸಿದೆ. ಆಗ ಯುಗಾದಿ ಕಳೆದು ವಾರವಾಗಿತ್ತು. ನಮ್ಮ ಕಡೆಯ ಬಿಸಿಲು ಗೊತ್ತಿದ್ದವರಿಗೆ ಮುಂದಿನದನ್ನು ವಿವರಿಸಬೇಕಿಲ್ಲ.

ಒಳಗೆ ನಾನು, ಚಾಚಿ, ಹುಡುಗಿ. ಹುಡುಗಿಯ ಗಲ್ಲದಿಂದ ಬೆವರು ಕೀಬೋರ್ಡಿಗೆ ತೊಟ್ಟಿಕ್ಕುತ್ತಿತ್ತು. ಗಂಡ ಅಲ್ಲಿಂದ, "ಎಲ್ಲಾರೂ ಆರಾಮ ಅದೀರಿಲ್ಲೋ?" ಅಂದ.

"ಆರಾಮ ಅದೇವಪಾ," ಅಂದರು ಚಾಚಿ. "ಕೋಳಿ ರೆಕ್ಕಿ ಬುಡಕ ತತ್ತಿ ಇರತಾವಲ್ಲ, ಹಂಗ ಅದೇವಿ. ಇನ್ನ ಎರಡ ಶುಕ್ರಾರಕ್ಕ ಮರಿ ಆಗಿ ಹೊರಗ ಬರತೇವಿ."

ಹುಡುಗಿ ಮಾತ್ರ ಬಾಯಿ ಬಿಡಲಿಲ್ಲ. ಸೆಖೆಗೆ ದನಿ ಕಟ್ಟಿದೆ ಎಂದುಕೊಂಡೆ.

ಇಷ್ಟು ಮಾಡಿದ್ದಕ್ಕೆ ಒಂದು ಫಲವಂತೂ ಸಿಕ್ಕಿತು. ಅಸೂಟಿಯಿಂದ ಬಂದ ಗಿರಾಕಿಯೊಬ್ಬ ಬಾಗಿಲ ಕೌದಿಯನ್ನು ಎತ್ತಿ, ಹಿಂದು ಮುಂದು ತಿರುವಿ ನೋಡಿ, "ಹೊಲಿಗಿ ಭಾಳ ಚಲೋ ಐತ್ರಿ. ಆರ್ಡರ್ ಕೊಟ್ರ ಯಾವಾಗ ಕೊಡ್ತೀರಿ?" ಅಂದ. ಕಂಪ್ಯೂಟರ್ ಕಡೆ ಅವನು ತಿರುಗಿಯೂ ನೋಡಲಿಲ್ಲ.

ಮಗ್ಗ ನಿಂತ ಶುಕ್ರವಾರ

ನನ್ನ ಅಂಗಡಿಯ ಗೋಡೆಗೆ ಹತ್ತಿದ ಮನೆಯಲ್ಲಿ ಮಗ್ಗವಿತ್ತು. ದಿನವಿಡೀ ಖಟ್ ಖಟ್, ಖಟ್ ಖಟ್. ಪುಸ್ತಕದಲ್ಲಿ ಹಿನ್ನೆಲೆ ಸಪ್ಪಳ ಎಂದು ಒಂದು ಇಡೀ ಅಧ್ಯಾಯವಿತ್ತು. ಸಿಕ್ಕಿದ ಕಳ್ಳ ಎಂದುಕೊಂಡು ನೇಕಾರನ ಬಾಗಿಲಿಗೆ ಹೋದೆ.

"ಕಾಕಾರ, ಶುಕ್ರಾರ ನಾಕರಿಂದ ಐದರ ತನಕಾ ಮಗ್ಗ ಬಂದ್ ಮಾಡ್ರಿ."

"ಯಾಕವಾ?"

"ನಿಮ್ಮ ಸಪ್ಪಳಾ ಕುವೈತ್ ತನಕಾ ಹೊಂಟೈತಿ."

"ಹೋಗ್ಲಿ ಬಿಡು. ನಾ ಅಂತೂ ಹೋಗಲಿಲ್ಲ, ಸಪ್ಪಳರ ಹೋಗಿ ಬರ್ಲಿ," ಅಂದ ಮುದುಕ.

ನಾನು ಬಿಡಲಿಲ್ಲ. ಹಿಂದೆ ನನ್ನ ಬೂತಿಗೆ ಅವನ ಫೋನ್ ಬಂದಾಗಲೆಲ್ಲ ನಾನು ಓಡಿಬಂದು ಕರೆದದ್ದನ್ನು ನೆನಪಿಸಿದೆ, ಕೊನೆಗೆ ಜಗಳವನ್ನೇ ಆಡಿದೆ. ಒಂದು ಹುಡುಗಿಯ ಸಂಸಾರದ ಪ್ರಶ್ನೆ ಅಂದೆ. ಅದಕ್ಕೆ ಮುದುಕ ಕರಗಿದ. ಶುಕ್ರವಾರ ನಾಲ್ಕಕ್ಕೆ ಸರಿಯಾಗಿ ಮಗ್ಗ ನಿಂತಿತು. ಅಂಗಡಿಯಲ್ಲಿ ಸೂಜಿ ಬಿದ್ದರೂ ಕೇಳುವಂಥ ಮೌನ. ನಾನು ಹೆಮ್ಮೆಯಿಂದ ಹುಡುಗಿಯ ಹಿಂದೆ ನಿಂತೆ.

ಎರಡು ನಿಮಿಷಕ್ಕೆ ಆ ಕಡೆಯಿಂದ ಲೈನ್ ಕಟ್ಟಾಯಿತು. ಮತ್ತೆ ಹಚ್ಚಿದೆ. ಮತ್ತೆ ಕಟ್. ನಾಲ್ಕನೆಯ ಸಲ ನಾನೇ ಮೈಕಿಗೆ ಬಾಯಿಟ್ಟು, "ಯಾಕಪಾ ಕಟ್ ಮಾಡ್ತಿ?" ಎಂದು ಕೇಳಿದೆ.

"ಲೈನ್ ಹೋಗೈತಿ ಅಂತ ತಿಳದ್ನಿರಿ," ಅಂದ ಹುಡುಗ. "ಇಷ್ಟ ದಿನ ಒಂದು ಖಟ್ ಖಟ್ ಅಂತ ಬರ್ತಿತ್ತಲ್ರಿ. ನನಗ ಊರಿಂದ ಕೇಳಸ್ತಿದ್ದದ್ದು ಅದೊಂದ."

ದವಾಖಾನೆಯಲ್ಲಿ

ನಕ್ಕು ಬಿಡಬಹುದಾಗಿತ್ತು. ಆದರೆ ಅಂದು ಆ ಹುಡುಗ ಇನ್ನೊಂದು ಮಾತು ಸೇರಿಸಿದ. ಸ್ಪೀಕರಿನಲ್ಲಿ ಮೂವರೂ ಕೇಳಿದೆವು.

"ಅಕ್ಕಾರ, ಐದ ತಿಂಗಳಾತು. ಆಕಿಗೆ ನನ್ನ ಕೂಡ ಮಾತಾಡೂ ಮನಸಿಲ್ಲಂದ್ರ ಖರೇ ಹೇಳ್ರಿ. ಮಂದಿ ಕೂಡಿ ಒತ್ತಾಯದಿಂದ ಲಗ್ನಾ ಮಾಡ್ಯಾರೇನೋ. ಮನಸಿಲ್ಲದಾಕಿನ್ನ ವಾರಾ ವಾರಾ ತಂದು ಕುಂದ್ರಸೂದು ಬ್ಯಾಡ. ಮುಂದಿನ ಶುಕ್ರಾರ ಒಂದ ನೋಡೂಣು. ಆಮ್ಯಾಲ ಆಕಿ ನರಗುಂದಕ್ಕ ಹೋಗಿ ಆರಾಮ ಇರ್ಲಿ."

ಹುಡುಗಿ ತಲೆ ಎತ್ತಲಿಲ್ಲ. ಚಾಚಿಯ ಕೈ ಸೆರಗಿನ ಅಂಚನ್ನು ಸುಮ್ಮನೆ ಮಡಚುತ್ತ ಬಿಚ್ಚುತ್ತ ಇತ್ತು. ನನ್ನ ಅಂಗಡಿಯ ದನಿ ಸರಿಯಿಲ್ಲದ್ದಕ್ಕೆ ಒಂದು ಮದುವೆ ಮುರಿಯುವುದೆಂದರೇನು? "ಮನಸಿಂದಲ್ಲಪಾ, ಇದು ಮಷೀನಿಂದು," ಅಂದೆ. "ಒಂದ ವಾರ ತಡಿ. ನನ್ನ ದನಿ ಹ್ಯಾಂಗ ಕೇಳಸ್ತೈತಿ ಹೇಳು."

"ನಿಮ್ಮದು ಮೊದಲನೇ ದಿನದಿಂದ ಚಲೋ ಕೇಳಸ್ತೈತ್ರಿ. ಆಕಿದೊಂದ ಕೇಳಸಂಗಿಲ್ಲ."

ಇಷ್ಟು ಕೇಳಿದ ಮೇಲೆ ಯಾರಿಗಾದರೂ ಹೊಳೆಯಬೇಕಿತ್ತು. ನನಗೆ ಹೊಳೆದದ್ದು ಬೇರೆ. ಅದೇ ಮೈಕಿನಲ್ಲಿ ನನ್ನ ದನಿ ಹೋಗಿ ಅವಳದು ಹೋಗುವುದಿಲ್ಲವೆಂದರೆ ದೋಷ ಅವಳ ಗಂಟಲಿನದು. ತರ್ಕ ಎಷ್ಟು ಸರಿಯಾಗಿದೆ ಎಂದು ನನಗೇ ಖುಷಿಯಾಯಿತು. ಚಾಚಿಯನ್ನು ಒಪ್ಪಿಸಿ, ಸಂಜೆಯ ಟೆಂಪೋಗೆ ಇನ್ನೂ ಹೊತ್ತಿದೆ ಎಂದು ಹುಡುಗಿಯನ್ನು ದವಾಖಾನೆಗೆ ಕರೆದೊಯ್ದೆ.

ವಯಸ್ಸಾದ ಡಾಕ್ಟರು. ನಾನು ಮೈಕು, ಮಾರ್ದನಿ, ಹಿನ್ನೆಲೆ ಸಪ್ಪಳ ಎಲ್ಲವನ್ನೂ ಅವರಿಗೆ ಮೊದಲಿನಿಂದ ವಿವರಿಸಿದೆ. ಅವರು ಎರಡು ಸಲ ಬಾಯಿ ತೆರೆದರು, ನಾನು ಮುಗಿಸಿರಲಿಲ್ಲವಾದ್ದರಿಂದ ಮತ್ತೆ ಮುಚ್ಚಿದರು. ಕೊನೆಗೆ ನನ್ನನ್ನು ಕೈಯಿಂದ ತಡೆದು, ಹುಡುಗಿಗೆ "ಆ ಅನ್ನವಾ" ಅಂದರು.

"ಆ," ಅಂದಳು ಹುಡುಗಿ. ಹೊರಗೆ ಬೆಂಚಿನ ಮೇಲೆ ನಿದ್ದೆ ಮಾಡುತ್ತಿದ್ದ ಇಬ್ಬರು ಎದ್ದು ಕೂತರು.

ಡಾಕ್ಟರು ಟಾರ್ಚು ಆರಿಸದೆ ನನ್ನ ಕಡೆ ತಿರುಗಿ, "ಈಕಿ ಗಂಟಲಾ ಬೆಸ್ಟ್ ಐತಿ. ನಿಮ್ಮದಕ್ಕ ಒಂದ ವಾರ ವಿಶ್ರಾಂತಿ ಬರದು ಕೊಡ್ಲೇನ್ರಿ?" ಅಂದರು.

ನಳ ಬಂತು

ಕೊನೆಯ ಶುಕ್ರವಾರ ಬಂತು. ಹುಬ್ಬಳ್ಳಿಯಿಂದ ಹೊಸ ಮೈಕು ತರಿಸಿದ್ದೆ. ಅದರ ಮೂತಿಗೆ ಪುಸ್ತಕದಲ್ಲಿ ಹೇಳಿದಂತೆ ಸ್ಪಂಜಿನ ಟೊಪ್ಪಿಗೆ ಹಾಕಿದ್ದೆ. ಉಳಿದ ಎರಡು ಕಂಪ್ಯೂಟರ್ ಬಂದ್ ಮಾಡಿ, ಇದ್ದ ಲೈನನ್ನೆಲ್ಲ ಇದೊಂದಕ್ಕೇ ಬಿಟ್ಟಿದ್ದೆ. ಬಾಗಿಲಿಗೆ "ಇಂದು ಬಂದ್" ಎಂದು ಬರೆದು ಹಾಕಿದ್ದೆ. ವೈರು ಗುಲಾಬಿ ತೂತಿನಲ್ಲೇ ಇದೆಯೇ ಎಂದು ಮೂರು ಸಲ ಬಗ್ಗಿ ನೋಡಿದೆ ಎಂದು ಈಗ ಒಪ್ಪಿಕೊಳ್ಳುತ್ತೇನೆ. ಆಗ ಕೇಳಿದ್ದರೆ ಇಲ್ಲ ಅನ್ನುತ್ತಿದ್ದೆ.

ಲೈನ್ ಹತ್ತಿತು. ಚಾಚಿ ಮಾತಾಡಿ ಸ್ಟೂಲಿಗೆ ಸರಿದರು. ಹುಡುಗಿ ಕುರ್ಚಿಯಲ್ಲಿ ಕೂತಳು. ನಾನು ಭುಜದ ಹಿಂದೆ ನಿಂತೆ. ಅವಳ ತುಟಿ ಅಲುಗಿದವು.

"ಹಲೋ," ಅಂದ ಗಂಡ. ಸ್ವಲ್ಪ ಹೊತ್ತಿನ ಮೇಲೆ ಇನ್ನೊಮ್ಮೆ, ಮೆತ್ತಗೆ, "ಹಲೋ."

ಆಗ ಓಣಿಯಲ್ಲಿ ಯಾರೋ, "ನಳ ಬಂತ್ರೆವಾ" ಎಂದು ಕೂಗಿದರು.

ಗಜೇಂದ್ರಗಡದಲ್ಲಿ ಆಗ ನಳಕ್ಕೆ ನೀರು ಬರುತ್ತಿದ್ದದ್ದು ಎಂಟ್ಹತ್ತು ದಿನಕ್ಕೊಮ್ಮೆ. ಬಂದರೆ ಅರ್ಧ ತಾಸು. ನಮ್ಮ ಊರಿನ ಹೆಂಗಸು ಆ ಕೂಗಿಗೆ ಎಲ್ಲಿದ್ದರೂ ಓಡುತ್ತಾಳೆ. ಒಂದು ಮದುವೆ ಮುರಿಯುತ್ತಿತ್ತು, ನಾನು ಕೊಡ ಹುಡುಕಿದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಹಾಗೆಯೇ ಆಯಿತು. ಅಂಗಡಿಯ ಹಿಂದೆಯೇ ನನ್ನ ಮನೆ, ಅಲ್ಲಿಗೆ ಓಡಿದೆ. ಚಾಚಿ ಎದ್ದು, "ಒಬ್ಬಾಕಿ ಎಷ್ಟಂತ ಹೊರ್ತಿ, ತಡಿ," ಎಂದು ನನ್ನ ಹಿಂದೆ ಬಂದರು. ನಾನು ಹಿಡಿದೆ, ಅವರು ಸುರಿದರು. ಕೊಡ, ಬಕೀಟು, ಹಂಡೆ, ಕೊನೆಗೆ ಬೋಗುಣಿ, ಗಂಗಾಳ ಕೂಡ ತುಂಬಿದೆವು.

ನೀರು ನಿಂತ ಮೇಲೆಯೇ ನನಗೆ ಅಂಗಡಿ ನೆನಪಾದದ್ದು. ಒದ್ದೆ ಸೀರೆಯಲ್ಲಿ ಹಿತ್ತಲ ಬಾಗಿಲಿಗೆ ಬಂದರೆ ಒಳಗಿನಿಂದ ದನಿ ಕೇಳುತ್ತಿತ್ತು. ಗಂಡಸಿನದಲ್ಲ. ಹುಡುಗಿಯದು. ತಡೆಯಿಲ್ಲದೆ, ಉಸಿರು ತೆಗೆದುಕೊಳ್ಳದೆ ಮಾತಾಡುತ್ತಿದ್ದಳು. ಅವರ ಮನೆ ಮಾತಿನಲ್ಲಿ ಏನೋ ದೂರು, ಮಧ್ಯದಲ್ಲಿ ನಗು, ಮತ್ತೆ ದೂರು. ಸ್ಪೀಕರಿನಲ್ಲಿ ಅವನೂ ನಗುತ್ತಿದ್ದ. ಕೀಬೋರ್ಡಿನ ಪಕ್ಕದಲ್ಲಿ ಬಳೆ ಖಣ್ ಖಣ್ ಅನ್ನುತ್ತಿದ್ದವು.

ನನ್ನ ಸಂತೋಷಕ್ಕೆ ಮಿತಿಯೇ ಇಲ್ಲ. ಕೌದಿ ಸರಿಸಿ ಒಳಗೆ ನುಗ್ಗಿದೆ. "ಯಾವ ಗುಂಡಿ ಒತ್ತಿದಿಯವಾ?" ಅಂದೆ.

ಹುಡುಗಿ ಓಡನಿ ಬಾಯಿಗೆ ಹಿಡಿದಳು.

"ಹಲೋ," ಅಂದ ಗಂಡ. "ಹಲೋ, ಹಲೋ." ಆಮೇಲೆ ಬೇಜಾರಿನ ದನಿಯಲ್ಲಿ, "ಅಕ್ಕಾರ, ನೀವು ಬಂದ್ರೇನು? ಲೈನ್ ಮತ್ತ ಕೆಟ್ಟಿತು ನೋಡ್ರಿ."

ಕೆಲವು ಮಾತು ಕಿವಿಗೆ ಬಿದ್ದು ತಲೆಗೆ ಹೋಗಲು ಹೊತ್ತು ಹಿಡಿಯುತ್ತದೆ. ನನಗೆ ಐದು ತಿಂಗಳು ಹಿಡಿದಿತ್ತು. ಹೊಸ ಸೊಸೆ, ಪಕ್ಕದಲ್ಲಿ ಅತ್ತೆ, ಬೆನ್ನ ಹಿಂದೆ ಗುರುತಿಲ್ಲದ ಒಬ್ಬ ಹೆಂಗಸು, ಗಂಡನ ಮಾತೆಲ್ಲ ಬಯಲಿಗೆ ಬೀಳುವ ಸ್ಪೀಕರು. ನಾನೇ ಅವಳ ಜಾಗದಲ್ಲಿದ್ದರೆ ಉಸಿರಾಡುತ್ತಿದ್ದೆನೋ ಇಲ್ಲವೋ. ಪುಸ್ತಕದಲ್ಲಿ ಗೋಡೆಯ ದೋಷ, ವೈರಿನ ದೋಷ, ಗಾಳಿಯ ದೋಷ ಎಲ್ಲ ಇದ್ದವು. ಅಂಗಡಿಯವಳ ದೋಷ ಎಂಬ ಅಧ್ಯಾಯವಿರಲಿಲ್ಲ.

ಸ್ಪೀಕರ್ ಕಿತ್ತು ಹುಡುಗಿಯ ಕಿವಿಗೆ ಹೆಡ್‌ಫೋನ್ ಹಾಕಿದೆ. ಅವಳ ಮುಖ ನೋಡುವ ಧೈರ್ಯವಾಗಲಿಲ್ಲ. ಹಿಂದಕ್ಕೆ ಹೆಜ್ಜೆ ಹಾಕುತ್ತ ಹೊರಬಂದು ಹಿತ್ತಲ ಬಾಗಿಲು ಎಳೆದುಕೊಂಡೆ. ಒಳಗೆ ಬಳೆಗಳು ಮತ್ತೆ ಖಣ್ ಅಂದವು. ಅವಳು ನರಗುಂದಕ್ಕೆ ಹೋಗುವುದಿಲ್ಲ ಎಂಬುದು ಆ ಖಣ್ ಅಂದದ್ದರಲ್ಲೇ ತಿಳಿಯಿತು.

ಚಾಚಿ ಹಿತ್ತಲ ಕಟ್ಟೆಯ ಮೇಲೆ ಕೂತು ತೋಯ್ದ ಸೆರಗು ಹಿಂಡುತ್ತಿದ್ದರು. ಪಕ್ಕದಲ್ಲಿ ಕೂತೆ. ಇಷ್ಟು ದೊಡ್ಡ ತಪ್ಪನ್ನು ನಾನೊಬ್ಬಳೇ ಹೊರುವುದು ಹೇಗೆ ಅನ್ನಿಸಿತು, ಅರ್ಧವನ್ನಾದರೂ ಹಂಚಬೇಕಿತ್ತು.

"ಚಾಚಿ, ನೀವರ ತಿಳಕೋಬಾರದ? ಅತ್ತಿ ಬಾಜೂಕ ಕುಂತ್ರ ಸೊಸಿ ಗಂಡನ ಕೂಡ ಹ್ಯಾಂಗ ಮಾತಾಡ್ಯಾಳು?"

ಚಾಚಿ ಸೆರಗು ಹಿಂಡುವುದನ್ನು ನಿಲ್ಲಿಸಲಿಲ್ಲ.

"ಅದು ನನಗ ಮೊದಲನೇ ಶುಕ್ರಾರನ ಗೊತ್ತಾತು ತಂಗಿ. ನೀ ಹೊರಗ ಹೋದ್ರ ನಿನ್ನ ಹಿಂದ ನಾನೂ ಹೋಗೂಣಂತ ಐದ ತಿಂಗಳಿಂದ ದಾರಿ ನೋಡಾಕತ್ತೇನಿ. ನೀ ಜಾಗಾ ಬಿಟ್ಟ ಕದಲವಲ್ಲಿ. ಇದು ಹಂತಾ ಮಷೀನ್ ಇರಬೇಕು, ಯಾರರ ಒಬ್ಬರು ಹಿಂದ ನಿಂತು ಹಿಡಕೊಂಡ್ರನ ನಡಿತೈತಿ ಅಂತ ನಾ ತಿಳಕೊಂಡಿದ್ದೆ."